ಅತ್ತೆಯ ಬಾಯಿಯೂ ಕಂದೀಲು ಹೂವೂ

ನಮ್ಮ ಅತ್ತೆಗೆ ಇದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ಅವರು ಸುಳ್ಳು ಹೇಳುತ್ತಿರಲಿಲ್ಲ!

ನಗಬೇಡಿ. "ಅದೆಂಥ ಕೆಟ್ಟ ಚಾಳಿ, ಒಳ್ಳೆಯ ಗುಣವಲ್ಲವೇ?" ಎಂದು ನೀವು ಕೇಳಿದರೆ, ಸುಳ್ಳು ಹೇಳದವರ ಜೊತೆ ನೀವು ಯಾವತ್ತೂ ಮದುವೆಮನೆಗೆ ಹೋದವರಲ್ಲ ಎಂದು ನನಗೆ ಗೊತ್ತಾಗುತ್ತದೆ. ಮದುಮಗಳ ತಾಯಿ ಕೈಮುಗಿದು "ಊಟ ಹೇಗಾಯ್ತು?" ಎಂದು ಕೇಳುತ್ತಾರೆ. ಇಡೀ ಪಂಕ್ತಿ "ಫಸ್ಟ್‌ಕ್ಲಾಸ್" ಎನ್ನುತ್ತದೆ. ನಮ್ಮ ಅತ್ತೆ ಮಾತ್ರ ನಿಧಾನವಾಗಿ ಎಲೆಯ ಮೇಲೆ ಒಮ್ಮೆ ಕಣ್ಣಾಡಿಸಿ, "ಸಾರಿಗೆ ಉಪ್ಪಿಲ್ಲೆ. ಪಾಯ್ಸ ತಳ ಹಿಡ್ದಿತ್ತ್. ಹಪ್ಪಳ ಮಾತ್ರ ಲಾಯ್ಕಿತ್ತ್" ಎಂದು ವರದಿ ಒಪ್ಪಿಸುತ್ತಾರೆ. ಆಗ ಅವರ ಪಕ್ಕದಲ್ಲಿ ಕೂತವರ ಗತಿ ಏನು? ಪಕ್ಕದಲ್ಲಿ ಕೂರುತ್ತಿದ್ದವಳು ನಾನು!

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಆಗಿದ್ದರೆ ಇದನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ. ಇವರು ನನ್ನ ಅಪ್ಪನ ಅಕ್ಕ. ಕುಂದಾಪುರದ ಕಡೆಯಿಂದ ಮದುವೆಯಾಗಿ ಮರಾಠಿ ನಾಡಿನ ಡೊಂಬಿವಲಿಗೆ ಬಂದು, ಡೊಂಬಿವಲಿಯಲ್ಲೇ ತಲೆ ಹಣ್ಣು ಮಾಡಿಕೊಂಡವರು. ಮಕ್ಕಳಿಲ್ಲ. ಮಾವ ದಾದರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಅವರ ಪಾಲಿನದನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದೂ ಅತ್ತೆಯ ಮನೆಗೇ. ನನ್ನ ಅಮ್ಮ ಬೆಳಗ್ಗೆಯಿಂದ ಅತ್ತೆಯ ಕೈಕಾಲು ಹಿಡಿದಿದ್ದರು. "ಅತ್ತಿಗೆ, ನೀವು ಸುಮ್ನೆ ಕೂತ್ಕೊಳ್ಳಿ ಸಾಕು." ಅತ್ತೆ ಒಪ್ಪಿದರು. ಕೂತರು. ಗೋಳಿಬಜೆ ಬಂತು, ಚಟ್ನಿ ಬಂತು, ಹುಡುಗನ ತಾಯಿ ಬಾಯಿ ಚಪ್ಪರಿಸಿ, "ಎಷ್ಟು ಮೆತ್ತಗಾಗಿದೆ! ಹುಡುಗಿಯೇ ಮಾಡಿದ್ದಾ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿಯಾಗಿತ್ತು. "ಅಲ್ಲ. ಕೆಳಗಿನ ಹೋಟ್ಲಿಂದ ತರ್ಸಿದ್ದ್. ಅವ್ಳಿಗೆ ಚಾ ಮಾಡುಕೆ ಬತ್ತ್. ಅದೂ ಕೆಲವ್ ಸಲ."

ಅಮ್ಮ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಬಂದವರು ನಗುತ್ತಾ ಎದ್ದುಹೋದರು. ಸಂಬಂಧ ಮುರಿದೇ ಹೋಯಿತು ಎಂದುಕೊಂಡೆವು. ಆದರೆ ಮರುದಿನವೇ ಹೇಳಿ ಕಳುಹಿಸಿದರಂತೆ, "ಇಷ್ಟು ಕಡೆ ಹುಡುಗಿ ನೋಡಿದೆವು, ನಿಜ ಹೇಳಿದ್ದು ನಿಮ್ಮ ಮನೆಯವರು ಮಾತ್ರ" ಎಂದು. ಹಾಗೆ ನನ್ನ ಮದುವೆಯಾಯಿತು, ಐರೋಲಿಯಲ್ಲಿ ಸಂಸಾರವಾಯಿತು. ಚಾ ನನ್ನ ಗಂಡನೇ ಮಾಡುತ್ತಾರೆ.

ಇನ್ನೊಂದು ಸಲ ನಾವಿಬ್ಬರೂ ಡೊಂಬಿವಲಿಯಿಂದ ಥಾಣೆಗೆ ಲೋಕಲ್ ಹತ್ತಿದೆವು. ಡೊಂಬಿವಲಿಯಲ್ಲಿ ಯಾರೂ ರೈಲು ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ನಮ್ಮದು ಸೆಕೆಂಡ್ ಕ್ಲಾಸ್ ಟಿಕೆಟ್ಟು. ಅತ್ತೆಯನ್ನು ಫಸ್ಟ್‌ಕ್ಲಾಸಿಗೆ ಹತ್ತಿಸಿಬಿಟ್ಟರು! ಥಾಣೆಯಲ್ಲಿ ಇಳಿದು ನಾನು ಹುಡುಕುತ್ತಿದ್ದರೆ, ಈ ಮಹಾತಾಯಿ ಟಿಸಿಯ ಕರಿಕೋಟಿನ ತೋಳು ಹಿಡಿದು ನಿಂತಿದ್ದಾರೆ. ಅವನೋ, ನಿಜವಾಗಿಯೂ ಟಿಕೆಟ್ಟಿಲ್ಲದ ಇಬ್ಬರು ಹುಡುಗರನ್ನು ಹಿಡಿದುಕೊಂಡಿದ್ದಾನೆ. "ನಂದೂ ತಪ್ಪಾಯ್ತ್, ದಂಡ ಹಾಕ್" ಎಂದು ಅತ್ತೆ ಮರಾಠಿ, ಹಿಂದಿ, ಕುಂದಾಪುರ ಕನ್ನಡ ಮೂರನ್ನೂ ಕಲಸಿ ಹಟ ಹಿಡಿದಿದ್ದಾರೆ. "ಆಜೀ, ಜಾ ನಾ ಘರೀ!", ಮನೆಗೆ ಹೋಗಿ ಅಜ್ಜೀ, ಎಂದು ಅವನು ಕೈಮುಗಿಯಲು ಹೋದ. ಕೈ ಬಿಟ್ಟದ್ದೇ ತಡ, ಹುಡುಗರು ಪರಾರಿ. ಟಿಸಿ ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಅವರ ಬಿಲ್ಡಿಂಗಿನಲ್ಲಿ ನೀರಿಗೆ ತತ್ವಾರ ಬಂದು ಸೊಸೈಟಿಯ ಮೀಟಿಂಗ್ ಸೇರಿದಾಗ, ಕದ್ದು ಪಂಪು ಹಾಕಿ ನೀರೆಳೆಯುತ್ತಿರುವವರು ಯಾರು ಎಂದು ಸೆಕ್ರೆಟರಿ ಗುಡುಗಿದ್ದರು. ಎಲ್ಲರೂ ತಲೆ ತಗ್ಗಿಸಿದ್ದರು, ಎಲ್ಲರ ಮನೆಯಲ್ಲೂ ಪಂಪಿತ್ತು. ಎದ್ದು ನಿಂತವರು ಅತ್ತೆ ಒಬ್ಬರೇ. "ನಮ್ಮಲ್ಲಿತ್ತ್. ಇವ್ರೇ ಹಾಕ್ಸಿದ್ದ್. ಹಾಸಿಗೆ ಅಡಿಯಲ್ಲಿತ್ತ್" ಎಂದು ಮಾವನತ್ತ ಬೆರಳು ತೋರಿಸಿದರು. ಆ ದಿನ ಮಾವ ನನ್ನ ಹತ್ತಿರ ಹೇಳಿದ ಮಾತಿದು: "ಎಲ್ಲರ ಮನೆ ಗೋಡೆಗೆ ಕಿವಿ ಇರತ್ತ್ ಅಂಬ್ರ್. ನಮ್ಮನೆ ಗೋಡೆಗೆ ಬಾಯಿ ಇತ್ತ್ ಕಾಣ್ ಮಗ."

ಇಂಥ ಅತ್ತೆ ಒಂದು ಸುಳ್ಳು ಹೇಳಿದರು. ಅದೂ ಒಂದು ಹೂವಿಗಾಗಿ! ಆ ಕಥೆ ಹೇಳಲಿಕ್ಕೇ ನಾನು ಇಷ್ಟು ಪೀಠಿಕೆ ಹಾಕಿದ್ದು.

ನಮ್ಮ ಕುಂದಾಪುರದ ಕಡೆ ಸೋಣೆ ತಿಂಗಳಿಡೀ, ಅಂದರೆ ಮಳೆಗಾಲದ ಸಿಂಹಮಾಸವಿಡೀ, ಹೆಂಗಸರು ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ಆ ತಿಂಗಳು ಹೊಸ್ತಿಲಜ್ಜಿ ಬಂದು ಮನೆಯ ಬಾಗಿಲಲ್ಲಿ ಕೂತು ಕಾಯುತ್ತಾಳೆ ಎಂದು ನಂಬಿಕೆ. ಹೊಸ್ತಿಲು ತೊಳೆದು, ರಂಗೋಲಿ ಬರೆದು, ಹೂವಿಟ್ಟು ದೀಪ ಹಚ್ಚುವುದು, ತಿಂಗಳು ಮುಗಿಯುವಾಗ ಕಡುಬು ಮಾಡಿ ಅಜ್ಜಿಯನ್ನು ಕಳಿಸಿಕೊಡುವುದು. ಡೊಂಬಿವಲಿಯ ಫ್ಲ್ಯಾಟಿಗೆ ಬಿಲ್ಡರ್ ಹಾಕಿಕೊಟ್ಟಿದ್ದ ಹೊಸ್ತಿಲು ಬೆರಳಗಲದ ಕಲ್ಲಿನ ಪಟ್ಟಿ. "ಇದ್ರ ಮೇಲೆ ಅಜ್ಜಿ ಕೂಕಂಬುದ್ ಹ್ಯಾಂಗೆ? ನಿತ್ಕಣ್ಕಾ?" ಎಂದು ಅತ್ತೆ ಬಡಗಿಯನ್ನು ಕರೆಸಿ ಗೇಣುದ್ದ ಎತ್ತರದ ಮರದ ಹೊಸ್ತಿಲು ಇಡಿಸಿದರು. ಅಜ್ಜಿ ಆರಾಮವಾಗಿ ಕೂತಳು. ನಾವೆಲ್ಲ ಎಡವಿ ಬಿದ್ದೆವು. ಗ್ಯಾಸ್ ಸಿಲಿಂಡರಿನವನು ಆ ಮಜಲಿಗೆ ಬಂದರೆ ಮೊದಲು ದೇವರನ್ನು ನೆನೆಯುತ್ತಿದ್ದ.

ಹೊಸ್ತಿಲೇನೋ ಆಯಿತು. ಹೂವು? ಪೇಟೆಯ ಹೂವು ಹೊಸ್ತಿಲಿಗೆ ಆಗುವುದಿಲ್ಲ, ಊರಿನಲ್ಲಿ ಗುಡ್ಡೆಯಿಂದ ಕೊಯ್ದು ತರುವ ಕಾಡುಹೂವೇ ಆಗಬೇಕು ಎಂದು ಅತ್ತೆಯ ಶಾಸ್ತ್ರ. ಡೊಂಬಿವಲಿಯಲ್ಲಿ ಗುಡ್ಡೆ ಎಲ್ಲಿಂದ ತರುವುದು? ಅದಕ್ಕಾಗಿ ಸೋಣೆ ತಿಂಗಳ ಪ್ರತಿ ಶನಿವಾರ ಅತ್ತೆ ಶೀಳ್ ಫಾಟಾ ದಾರಿಯ ಬಸ್ಸು ಹಿಡಿದು ಮಹಾಪೆಯ ಕಡೆಯ ಗುಡ್ಡಕ್ಕೆ ಬರುತ್ತಿದ್ದರು. ನಾನು ಐರೋಲಿಯಿಂದ ಇನ್ನೊಂದು ಬಸ್ಸಿನಲ್ಲಿ ಹೋಗಿ ಗುಡ್ಡದ ಬುಡದಲ್ಲಿ ಕಾಯಬೇಕು. ನನ್ನ ಬ್ಯಾಂಕಿನ ಮ್ಯಾನೇಜರರಿಗೆ ಏನೆಂದು ರಜೆ ಕೇಳುವುದು? "ಹೊಟ್ಟೆನೋವು ಅಂತ ಹೇಳ್ತೇನೆ" ಎಂದರೆ, "ಹೊಟ್ಟೆ ನೋವಿದ್ರೆ ಗುಡ್ಡೆ ಹತ್ತುದ್ ಹ್ಯಾಂಗೆ? ಹೂ ಕೊಯ್ಯುಕ್ ಹೋತೆ ಅಂತ್ಲೇ ಹೇಳ್" ಎನ್ನುತ್ತಿದ್ದರು. ಹಾಗೇ ಹೇಳಿದೆ. ಮ್ಯಾನೇಜರರು ಅದನ್ನು ಏನೋ ಹೆಂಗಸರ ಕಾಯಿಲೆ ಎಂದುಕೊಂಡು ಮುಂದೆ ಕೇಳಲೇ ಇಲ್ಲ.

ಆ ಗುಡ್ಡ ಈಗಿನಂತೆ ಆಗಲೂ ಅರ್ಧವೇ ಇತ್ತು. ಆಚೆ ಮಗ್ಗುಲನ್ನು ಕಲ್ಲುಕೋರೆಯವರು ಸಿಡಿಮದ್ದು ಇಟ್ಟು ಉರುಳಿಸುತ್ತಿದ್ದರು. ಡಂ ಎಂದು ಸದ್ದಾದರೆ ನಾವು ನಿಂತ ಕಡೆಯ ಹುಲ್ಲೂ ನಡುಗುತ್ತಿತ್ತು. ಈಚೆ ಮಗ್ಗುಲಿನಲ್ಲಿ ಮಾತ್ರ ಮಳೆಗೆ ಹಸಿರು ಉಕ್ಕಿ, ತೇರಡಾ, ಸೋನಕಿ ಅದು ಇದು ಹೂಗಳು. ಅತ್ತೆ ಸೀರೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮೇಕೆಯ ಹಾಗೆ ಹತ್ತುತ್ತಿದ್ದರು. ಒಂದು ಗಿಡದಿಂದ ಒಂದೇ ಹೂವು. ಕೊಯ್ಯುವ ಮುಂಚೆ "ಒಂದ್ ತಕಂತೆ ಅಕಾ?" ಎಂದು ಗಿಡವನ್ನು ಕೇಳುವುದು ಬೇರೆ! ಗಿಡ ಏನೂ ಹೇಳದಿದ್ದರೆ ಒಪ್ಪಿಗೆ ಎಂದು ಅರ್ಥ.

ಆ ವರ್ಷ ಮೊದಲ ಶನಿವಾರವೇ ಅದು ಸಿಕ್ಕಿತು. ಬಂಡೆಯ ಸಂದಿನಲ್ಲಿ ಹುಲ್ಲನ್ನು ಸುತ್ತಿಕೊಂಡು ಎದ್ದ ಒಂದು ತೆಳುಬಳ್ಳಿ. ಅದರಲ್ಲಿ ಹಸಿರು ಬಿಳುಪಿನ ಹೂವು, ಬುಡ ಉಬ್ಬಿ, ನಡು ಸಪೂರಾಗಿ, ತುದಿಯಲ್ಲಿ ಐದು ಎಸಳುಗಳು ಬೇರೆ ಬೇರೆ ಅರಳದೆ ಮತ್ತೆ ಒಂದಾಗಿ ಕೂಡಿಕೊಂಡಿದ್ದವು. ಸಾಕ್ಷಾತ್ ಹಳೆಯ ಕಾಲದ ಕಂದೀಲು! ಅತ್ತೆ ಬಗ್ಗಿ ನೋಡಿದರು, ಸುತ್ತು ಬಂದು ನೋಡಿದರು. "ಹೆಣ್ಣೇ, ಅರವತ್ ವರ್ಷದಲ್ ಇಂಥಾದ್ ಕಾಣ್ಲಿಲ್ಲ" ಎಂದರು. ಗಿಡವನ್ನು ಕೇಳಿದರು. ಗಿಡ ಸುಮ್ಮನಿತ್ತು.

ಸೋಣೆಯ ಶುಕ್ರವಾರಗಳಲ್ಲಿ ನಮ್ಮ ಕಡೆಯ ಹೆಂಗಸರು ಅತ್ತೆಯ ಮನೆಗೆ ಅರಸಿನ ಕುಂಕುಮಕ್ಕೆ ಬರುವುದು ವಾಡಿಕೆ. ಆ ಶುಕ್ರವಾರ ಬಂದವರು ಯಾರೂ ಒಳಗೇ ಬರಲಿಲ್ಲ, ಹೊಸ್ತಿಲಲ್ಲೇ ಗುಂಪಾದರು. ವಾರ ಕಳೆದರೂ ಹೂವು ಬಾಡಿದ್ದೇನೋ ನಿಜ, ಆಕಾರ ಕೆಟ್ಟಿರಲಿಲ್ಲ. ಎಲ್ಲರಿಗಿಂತ ಮುಂದೆ ಗುಲಾಬಿ. ಈ ಗುಲಾಬಿಯೂ ಅವಳ ಗಂಡನೂ ಕಲ್ಯಾಣ್ ಸ್ಟೇಷನ್ ಹತ್ತಿರ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ದೊಡ್ಡ ದನಿ, ದೊಡ್ಡ ಮನಸ್ಸು, ದೊಡ್ಡ ಸ್ಟೀಲಿನ ಡಬ್ಬಿ. ಎಲ್ಲಿಗೆ ಹೋಗುವಾಗಲೂ ಡಬ್ಬಿ ಅವಳ ಜೊತೆಗೇ.

"ಎಂತ ಹೂವಕ್ಕಾ ಇದ್? ಎಲ್ ಸಿಕ್ತ್?"

ಬೇರೆ ಯಾರೇ ಆಗಿದ್ದರೂ ಏನು ಹೇಳುತ್ತಿದ್ದರು? "ಎಲ್ಲೋ ದಾರಿ ಬದಿ ಸಿಕ್ತಪ್ಪ." ಅಷ್ಟೇ. ಒಳ್ಳೆಯ ಹಲಸಿನ ಹಪ್ಪಳ ಮಾಡುವವಳು ಯಾರು, ಕಡಿಮೆಗೆ ಸೀರೆ ಸಿಗುವ ಅಂಗಡಿ ಯಾವುದು ಎಂದು ಕೇಳಿದರೆ ನಾವೆಲ್ಲ ಹಾಗೇ ತಾನೆ ಹೇಳುವುದು? ಅತ್ತೆ ಬಸ್ ನಂಬರು ಹೇಳಿದರು. ಇಳಿಯುವ ಸ್ಟಾಪು ಹೇಳಿದರು. ಪಂಪ್‌ಹೌಸಿನ ಎಡಕ್ಕೆ ತಿರುಗಿ, ಎರಡು ಕವಲಿರುವಲ್ಲಿ ಮೇಲಿನದ್ದನ್ನು ಹಿಡಿದು, ಕರಿಬಂಡೆಯ ಹಿಂದೆ ನೋಡಬೇಕೆಂದೂ ಹೇಳಿದರು. ಜಾರುತ್ತದೆ, ಕೋಲು ತರಬೇಕೆಂದೂ ಸೇರಿಸಿದರು.

ಮರುದಿನ ನಾವು ಹೋಗುವಾಗ ಗುಡ್ಡವೇ ಬಣ್ಣಬಣ್ಣ. ಹೂವಲ್ಲ ಸ್ವಾಮಿ, ಸೀರೆಗಳು! ಡೊಂಬಿವಲಿಯಿಂದ, ಕಲ್ಯಾಣದಿಂದ, ಯಾರದೋ ನಾದಿನಿಯ ಮೂಲಕ ಸುದ್ದಿ ಸಿಕ್ಕಿದ ಘೋಡಬಂದರ್ ರಸ್ತೆಯ ಇಬ್ಬರು, ಎಲ್ಲರೂ ಕೋಲು ಹಿಡಿದು ಬಂದಿದ್ದರು. ಕೊಯ್ದದ್ದೇ ಕೊಯ್ದದ್ದು. ಕೆಲವರು ಬುಡದಲ್ಲಿ ಅಗೆದು, ಸಣ್ಣ ಆಲೂಗಡ್ಡೆಯಂಥ ಗೆಡ್ಡೆಯ ಸಮೇತ ಕಿತ್ತು, ಗ್ಯಾಲರಿಯಲ್ಲಿ ಎಣ್ಣೆ ಡಬ್ಬಿಯಲ್ಲಿ ನೆಡಲು ಕಟ್ಟಿಕೊಂಡಿದ್ದರು. ಗುಲಾಬಿಯ ಡಬ್ಬಿ ತುಂಬಿಹೋಗಿತ್ತು. "ಮಗಳ್ ಬಸ್ರಿ ಅಲ್ದಾ ಅಕ್ಕಾ, ಅವಳ್ ಹೆಸ್ರಲ್ ದಿನಾ ಒಂದ್ ಇಡ್ತೆ" ಎಂದು ಸಂಭ್ರಮದಿಂದ ಡಬ್ಬಿ ತೆರೆದು ತೋರಿಸಿದಳು.

ಆಗಲೇ ಮೇಲಿನಿಂದ ಒಬ್ಬಳು ಹೆಂಗಸು ಇಳಿದು ಬಂದಳು. ಕುತ್ತಿಗೆಯಲ್ಲಿ ಕ್ಯಾಮೆರಾ, ಕಾಲಲ್ಲಿ ಕೆಸರು. ಥಾಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮರಾಠಿ ಬಾಯಿ, ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಗುಂಪನ್ನು ನೋಡಿ ಅವಳ ಮುಖ ಬಿಳಿಚಿತು. ಅತ್ತೆ ಆಗಲೇ ಕೊಯ್ದು ಬುಟ್ಟಿಗಿಟ್ಟಿದ್ದ ಅದೇ ಹೂವನ್ನು ನೋಡಿ, "ಆಜೀ, ಹೇ ಫೂಲ್ ತುಮ್ಹೀ ತೋಡ್ಲಂತ್ ಕಾ?" ಎಂದು ಕೇಳಿದಳು, ನೀವು ಕಿತ್ತದ್ದಾ ಎಂದು. "ಹೋ, ಮೀಚ್ ತೋಡ್ಲಂ", ಹೌದು ನಾನೇ ಎಂದವರು, ಇವರಿಗೆಲ್ಲ ದಾರಿ ಹೇಳಿದ್ದೂ ತಾನೇ ಎಂದು ಕೇಳದಿದ್ದ ತಪ್ಪನ್ನೂ ಒಪ್ಪಿಕೊಂಡರು.

ಆ ಬಾಯಿ ಬೈಯಲಿಲ್ಲ. ಬಂಡೆಯ ಮೇಲೆ ಕೂತು ಎಲ್ಲ ವಿವರಿಸಿದಳು. ಅದರ ಹೆಸರು ಕಂದೀಲ್ ಪುಷ್ಪ. ನಮ್ಮ ಸಹ್ಯಾದ್ರಿಯ ಬೆಟ್ಟಗಳದ್ದೇ ಹೂವು, ಅದರಲ್ಲೂ ಅಲ್ಲೊಂದು ಇಲ್ಲೊಂದು ಕಡೆ. ಈ ಗುಡ್ಡದಲ್ಲಿ ಆಚೆ ಮಗ್ಗುಲಲ್ಲೂ ಇತ್ತು, ಅದನ್ನು ಕೋರೆ ನುಂಗಿತು. ಗೆಡ್ಡೆ ತಿನ್ನಲು ಅಗೆಯುವವರು ಕೆಲವರು, ಮೇಯುವ ಆಡುಗಳು ಕೆಲವು. ಹೂವು ಕಿತ್ತರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮುಂದೆ ಬಳ್ಳಿಯಿಲ್ಲ. ಮಾತಿನ ನಡುವೆ ಒಂದು ಹೂವನ್ನು ತೋರಿಸಿ, ಇದರೊಳಗೆ ಒಂದು ಸಣ್ಣ ನೊಣ ಹೋಗುತ್ತದೆ, ಹೂವು ಅದನ್ನು ರಾತ್ರಿ ಹೊರಗೆ ಬಿಡದೆ ಇಟ್ಟುಕೊಂಡು ಮರುದಿನ ಮೈಗೆ ಪರಾಗ ಹಚ್ಚಿ ಕಳಿಸುತ್ತದೆ ಎಂದಳು. ಅತ್ತೆಯ ಕಣ್ಣು ಅರಳಿತು. "ಬಂದ ನೆಂಟ್ರನ್ನ ರಾತ್ರಿ ಉಳಿಸ್ಕಂಡ್, ಬೆಳಿಗ್ಗೆ ಕೈಯಲ್ ಎಂತಾರು ಕೊಟ್ಟ್ ಕಳ್ಸುದ್! ಇದ್ ನಮ್ ಕುಂದಾಪ್ರದ್ದೇ ಹೂ ಮಾರಾಯ್ತಿ!" ಎಂದರು. ಮರುಕ್ಷಣವೇ ಬುಟ್ಟಿಯಲ್ಲಿದ್ದದ್ದನ್ನು ನೋಡಿ ಸಪ್ಪಗಾದರು.

ಅಲ್ಲೇ ಎದ್ದು ನಿಂತು ಹೆಂಗಸರಿಗೆಲ್ಲ ಹೇಳಿದರು. "ಕೇಣಿ, ಈ ಹೂ ಕೊಯ್ಯುದ್ ಬ್ಯಾಡ. ಭಾರಿ ಅಪರೂಪದ್ದಂಬ್ರ್. ಎಲ್ಲೂ ಸಿಕ್ಕುದಿಲ್ಲಂಬ್ರ್."

ಅದೇ ತಪ್ಪಾದದ್ದು. "ಅಪರೂಪದ್ದಾ!" ಎಂದು ಒಬ್ಬಳು ಇನ್ನೊಂದು ಕಿತ್ತಳು. "ಎಲ್ಲೂ ಸಿಗುದಿಲ್ವಾ! ಹಾಗಾದ್ರೆ ದೇವರಿಗೆ ಇನ್ನೂ ವಿಶೇಷ ಅಲ್ವಾ ಅಕ್ಕ?" ಎಂದು ಮತ್ತೊಬ್ಬಳು. ಮುಂದಿನ ವಾರ ಮುಲುಂಡಿನ ತಂಗಿಯನ್ನೂ ಕರೆದುಕೊಂಡು ಬರುವುದಾಗಿ ಮೂರನೆಯವಳು. ಮರಾಠಿ ಬಾಯಿಗೆ ಕನ್ನಡ ಬಾರದಿದ್ದರೂ ಏನಾಗುತ್ತಿದೆ ಎಂದು ತಿಳಿಯಿತು. ಬಂಡೆಯ ಹಿಂದೆ ಉಳಿದ ಬಳ್ಳಿಗಳನ್ನು ಬೆರಳಲ್ಲಿ ತೋರಿಸಿ, "ಇನ್ನೊಂದು ಶನಿವಾರ ಹೀಗೇ ಆದರೆ ಈ ಗುಡ್ಡದಲ್ಲಿ ಮುಗಿಯಿತು, ಆಜೀ" ಎಂದಳು.

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಅತ್ತೆ ಮಾತಾಡದಿದ್ದರೆ ನನಗೆ ಜ್ವರ ಬಂದ ಹಾಗಾಗುತ್ತದೆ. ಕೊನೆಗೆ ಕೇಳಿದರು. "ನಿಜ ಹೇಳಿರೆ ಕೇಳುದಿಲ್ಲ ಅಂದ್ರೆ ಎಂತ ಮಾಡುದಾ?"

"ಸುಳ್ಳು ಹೇಳಿ ಅತ್ತೆ" ಎಂದೆ ತಮಾಷೆಗೆ. ನಾನು ಹುಟ್ಟಿದಾಗಿನಿಂದ ಅವರಿಗೆ ಹೇಳುತ್ತ ಬಂದದ್ದೇ ಅದು!

ಮುಂದಿನ ಶುಕ್ರವಾರ ಮನೆ ತುಂಬ ಹೆಂಗಸರು. ಎಲ್ಲರ ಬಾಯಲ್ಲೂ ಮರುದಿನದ ಗುಡ್ಡದ ಪ್ರಯಾಣದ್ದೇ ಮಾತು. ಅತ್ತೆ ಕುಂಕುಮದ ಭರಣಿ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು.

"ಅದ್ ಹೂ ಅಲ್ಲ" ಎಂದರು. "ಅದ್ ಹೊಸ್ತಿಲಜ್ಜಿ ಕಂದೀಲು. ಸೋಣೆ ತಿಂಗ್ಳಲ್ ಅಜ್ಜಿ ಗುಡ್ಡೆ ಇಳ್ದ್ ನಮ್ಮನಿಗೆಲ್ಲ ಬಪ್ಪತಿಗೆ ದಾರಿ ಕಾಂಬುಕೆ ಹಚ್ಚಿಟ್ಟದ್ದ್. ಅದ್ನ ಯಾರ್ ಕೊಯ್ತ್ರೋ, ಅವ್ರ್ ಮನಿಗೆ ಅಜ್ಜಿಗೆ ದಾರಿ ಕಾಂಬುದಿಲ್ಲ. ಆ ಹೊಸ್ತಿಲು ಖಾಲಿ. ನನ್ನ ಅಜ್ಜಿ ಹೇಳಿದ್ದ್ ಈಗ ನೆನ್ಪಾಯ್ತ್."

ಮಾವನ ಕೈಯಿಂದ ಪೇಪರು ಬಿತ್ತು. ನನಗೆ ತಲೆ ತಿರುಗಿತು. ಉಳಿದವರೋ, ಒಬ್ಬರೂ "ಹೌದಾ?" ಎಂದು ಕೇಳಲಿಲ್ಲ! ಯಾಕೆ ಕೇಳುತ್ತಾರೆ? ಗೋಳಿಬಜೆ ಹೋಟೆಲಿನದ್ದೆಂದು ಹೇಳಿದ ಬಾಯಿ, ಗಂಡನ ಪಂಪನ್ನು ಬಯಲಿಗೆಳೆದ ಬಾಯಿ! ಜೀವಮಾನವಿಡೀ ಕೂಡಿಟ್ಟ ನಿಜವನ್ನೆಲ್ಲ ಅತ್ತೆ ಆ ಒಂದು ನಿಮಿಷದಲ್ಲಿ ಖರ್ಚು ಮಾಡಿಬಿಟ್ಟರು. ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡರು. ಒಬ್ಬಳು ಅಲ್ಲಿಂದಲೇ ಮುಲುಂಡಿನ ತಂಗಿಗೆ ಫೋನು ಮಾಡಲು ಓಡಿದಳು.

ಶನಿವಾರ ಗುಡ್ಡಕ್ಕೆ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು! ಎಣ್ಣೆ ಡಬ್ಬಿಗಳನ್ನು ಸೊಂಟಕ್ಕಿಟ್ಟುಕೊಂಡು, ಮೊದಲ ಬಾರಿಗೆ ತವರಿನಿಂದ ಗಂಡನ ಮನೆಗೆ ಹೆಣ್ಣನ್ನು ಬಿಟ್ಟುಬರುವವರ ಹಾಗೆ ಗಂಭೀರವಾಗಿ ಬಂದರು. ಅಗೆದು ಒಯ್ದಿದ್ದ ಗೆಡ್ಡೆಗಳನ್ನೆಲ್ಲ ಬಂಡೆಯ ಸಂದಿನಲ್ಲಿ ತಿರುಗಿ ನೆಟ್ಟು, ನೀರು ಹೊಯ್ದು, ಅರಸಿನ ಕುಂಕುಮ ಹಾಕಿ, "ತಪ್ಪಾಯ್ತಜ್ಜಿ" ಎಂದು ಅಡ್ಡಬಿದ್ದರು. ಬಸ್ಸಿನ ಕಂಡಕ್ಟರನಿಗೆ ಆ ಡಬ್ಬಿಗಳಿಗೆ ಟಿಕೆಟ್ಟು ಕೊಡಬೇಕೋ ಬೇಡವೋ ಎಂದು ತಿಳಿದಿರಲಿಲ್ಲವಂತೆ. ಮರಾಠಿ ಬಾಯಿ ದೂರದಲ್ಲಿ ನಿಂತು ಇದನ್ನೆಲ್ಲ ನೋಡಿ, "ಆಜೀ, ನೀವು ಇವರಿಗೆ ಏನು ಹೇಳಿದಿರಿ?" ಎಂದು ಕೇಳಿ ಕೇಳಿ ಸೋತಳು. ಆಚೆ ಮಗ್ಗುಲಿನಿಂದ ಆಗಲೂ ಡಂ ಎಂದು ಸದ್ದು ಬರುತ್ತಲೇ ಇತ್ತು. ಅದನ್ನು ತಡೆಯುವಂಥ ಸುಳ್ಳು ನಮಗೆ ಯಾರಿಗೂ ಹೊಳೆಯಲಿಲ್ಲ.

ಗೆದ್ದೆವಲ್ಲ ಎಂದು ನಾನು ಕುಣಿಯುತ್ತಿದ್ದರೆ, ಅತ್ತೆ ಮನೆಯಲ್ಲಿ ಊಟ ಬಿಟ್ಟಿದ್ದರು. "ಸುಳ್ಳ್ ಹೇಳಿದ್ ಬಾಯಿಗೆ ಅನ್ನ ಇಳಿತಿಲ್ಲೆ" ಎಂದು ಮಧ್ಯಾಹ್ನ ಒಂದು ಲೋಟ ಗಂಜಿ, ರಾತ್ರಿ ಒಂದು ಬಾಳೆಹಣ್ಣು. ಸಾಲದ್ದಕ್ಕೆ ಆ ಸುಳ್ಳಿನ ಪಾಪ ಕಳೆಯಲು ದುಪ್ಪಟ್ಟು ನಿಜ ಹೇಳತೊಡಗಿದರು. ನನ್ನ ಹೊಸ ಸೀರೆ ಪರದೆಯ ಬಟ್ಟೆಯಂತಿದೆ ಎಂದರು. ಸೆಕ್ರೆಟರಿಯ ಮಗಳ ಸಂಗೀತ ನಿಲ್ಲಿಸಿದರೆ ಪುಣ್ಯ ಬರುತ್ತದೆ ಎಂದು ಸೆಕ್ರೆಟರಿಗೇ ಹೇಳಿದರು. "ಒಂದ್ ಸುಳ್ಳಿಗೆ ಇಷ್ಟ್ ಆದ್ರೆ, ಇವ್ಳ್ ಇನ್ನೊಂದ್ ಹೇಳಿರೆ ನಾವ್ ಮನೆ ಬಿಡ್ಕಾತ್ತ್" ಎಂದರು ಮಾವ. ನಗುತ್ತಲೇ ಹೇಳಿದರೂ, ತೆಳ್ಳಗಾಗುತ್ತಿದ್ದ ಹೆಂಡತಿಯನ್ನು ನೋಡಿ ಅವರಿಗೂ ದಿಗಿಲಾಗಿತ್ತು.

ಇನ್ನು ಮುಂದಿನದನ್ನು ಹೇಳುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಗುಲಾಬಿಯ ಮಗಳು ದಿನ ತುಂಬಿ ಹೆತ್ತಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನೀವು ಸುಮ್ಮನೆ ಹೆದರಬಾರದಲ್ಲ, ಅದಕ್ಕೆ.

ಆದರೆ ಆ ದಿನ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಸೋಣೆ ಮುಗಿಯುತ್ತ ಬಂದಿತ್ತು. ನಾನು ಅತ್ತೆಯನ್ನು ಊಟಕ್ಕೆ ಒಪ್ಪಿಸಲೆಂದೇ ಡೊಂಬಿವಲಿಗೆ ಹೋಗಿ, ಅಡುಗೆಯನ್ನೂ ನಾನೇ ಮಾಡಿಟ್ಟಿದ್ದೆ. ಬಾಗಿಲಲ್ಲಿ ಗುಲಾಬಿ ನಿಂತಿದ್ದಳು. ಡಬ್ಬಿಯಿಲ್ಲ, ದನಿಯೂ ಇಲ್ಲ. ಮಗಳಿಗೆ ಬಿಪಿ ಏರಿ ಥಾಣೆಯ ಆಸ್ಪತ್ರೆಗೆ ಸೇರಿಸಿದ್ದರಂತೆ, ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ.

"ಒಳ್ಗೆ ಬಾ" ಎಂದರು ಅತ್ತೆ.

"ನಾ ಬತ್ತಿಲ್ಲೆ ಅಕ್ಕಾ" ಎಂದಳು ಗುಲಾಬಿ. ಆ ಗೇಣುದ್ದದ ಹೊಸ್ತಿಲ ಆಚೆಯೇ ನಿಂತು ಸೆರಗು ಬಾಯಿಗೊತ್ತಿಕೊಂಡಳು. "ಎಲ್ಲರಿಗಿಂತ ಹೆಚ್ ಕೊಯ್ದವ್ಳ್ ನಾನ್. ಡಬ್ಬಿ ತುಂಬ ಕೊಯ್ದೆ. ನಮ್ಮನಿಗೆ ಅಜ್ಜಿಗೆ ದಾರಿ ಕಾಣ್ಲಿಲ್ಲ. ಮಗಳನ್ನ ಕಾಯುಕೆ ಹೊಸ್ತಿಲಲ್ ಯಾರೂ ಇಲ್ಲ. ಎಂತ ಮಾಡ್ರೆ ಅಜ್ಜಿ ಬತ್ಲ್ ಅಂತ ಹೇಳಿ ಅಕ್ಕಾ. ನೀವ್ ಹೇಳಿದ್ ಮಾಡ್ತೆ."

ನಾನು ಅತ್ತೆಯನ್ನು ನೋಡಿದೆ. ನಿಜ ಹೇಳಿದರೆ ನಾಳೆ ಕಲ್ಯಾಣಕ್ಕೆ ಗೊತ್ತಾಗುತ್ತದೆ, ನಾಡಿದ್ದು ಡೊಂಬಿವಲಿಗೆ, ಮುಂದಿನ ಸೋಣೆಗೆ ಆ ಬಂಡೆಯ ಹಿಂದೆ ಒಂದು ಬಳ್ಳಿಯೂ ಉಳಿಯುವುದಿಲ್ಲ. ನಾನು ಕಣ್ಣಲ್ಲೇ ಬೇಡ ಎಂದೆ. ಬೇರೇನಾದರೂ ಹೇಳಬಹುದಿತ್ತಲ್ಲ? ಒಂದು ಕಾಯಿ ಒಡೆಸು, ಒಂದು ತುಪ್ಪದ ದೀಪ ಹಚ್ಚು, ಸರಿಯಾಗುತ್ತದೆ ಎಂದು? ಒಂದು ಸುಳ್ಳಿಗೆ ಇನ್ನೊಂದು ಚಿಕ್ಕ ಸುಳ್ಳು! ಎಷ್ಟು ಸುಲಭ!

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಹೊಸ್ತಿಲ ಮೇಲೆ, ಅಜ್ಜಿ ಕೂರುವ ಜಾಗದಲ್ಲೇ ಕುಸಿದು ಕೂತರು.

"ಗುಲಾಬಿ, ನಾನ್ ಹೇಳಿದ್ ಸುಳ್ಳ್."

"ಎಂತದ್?"

"ಕಂದೀಲಿಲ್ಲ, ಎಂತದೂ ಇಲ್ಲ. ನನ್ನ ಅಜ್ಜಿ ಹೇಳ್ಲಿಲ್ಲ, ನಾನೇ ಕಟ್ಟಿದ್ದ್. ಹೂ ಉಳಿಲಿ ಅಂತ."

ಗುಲಾಬಿ ನಂಬಿದಳೇ? ಎಲ್ಲಿಯ ಮಾತು! ಅಳುತ್ತಲೇ ತಲೆ ಅಲ್ಲಾಡಿಸಿದಳು. "ನೀವ್ ಸುಳ್ಳ್ ಹೇಳುವವ್ರಲ್ಲ ಅಕ್ಕಾ. ನಂಗೆ ಸಮಾಧಾನ ಆಯ್ಲಿ ಅಂತ ಈಗ ಹೇಳ್ತಿದ್ದಿರಿ."

ಕಾಣಿ ಗ್ರಹಚಾರ! ಸುಳ್ಳು ಹೇಳಿದಾಗ ಊರೆಲ್ಲ ನಂಬಿತು, ನಿಜ ಹೇಳಿದರೆ ಒಬ್ಬಳೂ ನಂಬಲೊಲ್ಲಳು. ಮಾವ ಒಳಗಿನಿಂದ ಬಂದು ಸಾಕ್ಷಿ ಹೇಳಿದರು. "ಸುಳ್ಳೇ ಹೇಳಿದ್ಲ್ ಮಾರಾಯ್ತಿ. ನನ್ನೆದ್ರಿಗೇ ಹೇಳಿದ್ದ್." ಅದಕ್ಕೂ ಅವಳು ಬಗ್ಗಲಿಲ್ಲ. ಕೊನೆಗೆ ಅತ್ತೆ ಅವಳ ಕೈ ಹಿಡಿದು ಜಗ್ಗಿದರು.

"ಹೋಯ್, ಮೊದಲ್ ಕೊಯ್ದವ್ಳ್ ಯಾರ್? ನಾನಲ್ದಾ? ಕೊಯ್ದ್ ಇಲ್ಲೇ, ಈ ಹೊಸ್ತಿಲಲ್ಲೇ ಇಟ್ಟದ್ದಲ್ದಾ? ನೀವೆಲ್ಲ ಕಂಡದ್ದ್ ಇಲ್ಲೇ ಅಲ್ದಾ? ನಂಗೆ ಎಂತ ಆಯ್ತ್? ದೀಪ ಉರಿತಾ ಇತ್ತ್ ಕಾಣ್."

ನಾವೆಲ್ಲ ದೀಪವನ್ನು ನೋಡಿದೆವು. ಆ ಸುಳ್ಳಿನಲ್ಲಿ ಆನೆ ಹೋಗುವಷ್ಟು ದೊಡ್ಡ ತೂತಿತ್ತು, ಅಷ್ಟು ಜನ ಹೆಂಗಸರಲ್ಲಿ ಒಬ್ಬಳಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ! ಗುಲಾಬಿ ಬಾಯಿ ತೆರೆದುಕೊಂಡು ನಿಂತಳು. ಮತ್ತೆ ಮೂಗೊರೆಸಿಕೊಂಡಳು. "ಹೌದಲ್ದಾ" ಎಂದಳು. ಅಳುವೂ ನಗುವೂ ಒಟ್ಟಿಗೇ ಬಂತು ಅವಳಿಗೆ. "ಅಯ್ಯೋ ಅಕ್ಕಾ, ಸುಳ್ಳ್ ಹೇಳುಕೂ ಬತ್ತಿಲ್ಯಲೆ ನಿಮ್ಗೆ!"

ಹೊಸ್ತಿಲು ದಾಟಿ ಒಳಗೆ ಬಂದಳು. ಬಂದು ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತಳು. ಅತ್ತೆಯ ಕೆನ್ನೆ ನೋಡಿದಳು, ಸಡಿಲವಾದ ಬಳೆ ನೋಡಿದಳು. "ಎಷ್ಟ್ ಬಡ ಆಯಿರಿ! ಉಂಬುದಿಲ್ಯಾ?" ಮಾವ ಅಲ್ಲಿಂದಲೇ ಗಂಜಿಯ ಕಥೆ, ಬಾಳೆಹಣ್ಣಿನ ಕಥೆ ಹೇಳಿದರು.

"ಇನ್ನ್ ಎಲ್ಲರಿಗೂ ನಿಜ ಹೇಳುದೇ ಸೈ" ಎಂದರು ಅತ್ತೆ. "ನಿನ್ನ ಹಂಗೆ ಇನ್ಯಾರ್ ಹೆದ್ರಿದ್ರೋ ಏನೋ. ಹೂ ಹೋದ್ರೆ ಹೋಯ್ಲಿ."

ಗುಲಾಬಿ ಅವರ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು.

"ಬ್ಯಾಡ. ಹೆದ್ರಿದವ್ರಿದ್ರೆ ಅವ್ರ್ ಮನೆಗೆ ನಾನೇ ಹೋಯಿ ಸಮಾಧಾನ ಮಾಡ್ತೆ. 'ಮೊದ್ಲ್ ಕೊಯ್ದದ್ದಕ್ಕೆ ಅಜ್ಜಿ ಮಾಫಿ ಮಾಡಿದ್ಲ್, ಇನ್ಮೇಲೆ ಕೊಯ್ರೆ ಮಾತ್ರ ಬಪ್ಪುದಿಲ್ಲ' ಅಂತ ಹೇಳ್ತೆ. ನೀವ್ ಎಂತದೂ ಹೇಳ್ಬ್ಯಾಡಿ. ಅಭ್ಯಾಸ ಇಲ್ದವ್ರ್ ಸುಳ್ಳ್ ಹೊರುಕಾಗ ಅಕ್ಕಾ, ಜೀವಕ್ ಹತ್ತತ್ತ್. ನಾನ್ ಹೋಟ್ಲಿನವ್ಳ್. ಬೆಳಿಗ್ಗಿನ್ ಇಡ್ಲಿನ ಮಧ್ಯಾಹ್ನ 'ಈಗ್ ಇಳ್ಸಿದ್ದ್' ಅಂತ ದಿನಾ ಹೇಳುವವ್ಳ್. ಇದೂ ಒಂದ್ ನನ್ನ ತಲೆ ಮೇಲಿರ್ಲಿ. ನಂಗ್ ಕೊಡಿ ಅದ್ನ."

ಅತ್ತೆ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಹೆತ್ತ ತಂದೆ ತೀರಿಹೋದಾಗಲೂ ಅಳದವರು, ಗುಲಾಬಿಯ ಹೆಗಲಿಗೆ ಮುಖ ಒತ್ತಿ, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ. ಮಾವ ಕನ್ನಡಕ ಒರೆಸುವ ನೆಪದಲ್ಲಿ ಗ್ಯಾಲರಿಗೆ ಹೋದರು.

ಆಮೇಲೆ ಅತ್ತೆ ಮುಖ ತೊಳೆದು ಬಂದು, "ಆಸ್ಪತ್ರಿಗೆ ಖಾಲಿ ಹೊಟ್ಟಿಲ್ ಹೋಪುದ್ ಬ್ಯಾಡ, ಉಂಡ್ಕಂಡ್ ಹೋಗ್" ಎಂದು ಗುಲಾಬಿಗೆ ತಟ್ಟೆ ಹಾಕಿದರು. ಗುಲಾಬಿ ಕೈ ತೊಳೆಯಲಿಲ್ಲ, ನೀವೂ ಕೂತರೆ ಮಾತ್ರ ಎಂಬಂತೆ ಪಕ್ಕದ ಜಾಗ ತೋರಿಸಿದಳು. ಅತ್ತೆ ಕೂತರು. ನಾನು ಅನ್ನ ಬಡಿಸಿದೆ, ಸಾರು ಹೊಯ್ದೆ. ಗುಲಾಬಿ ಬಾಯಿಗಿಟ್ಟು, "ಲಾಯ್ಕಿತ್ತ್" ಎಂದಳು. ಆ ಸಾರು ಮಾಡಿದ್ದು ನಾನು. ಅತ್ತೆ ಒಂದು ತುತ್ತು ತಿಂದರು, ನನ್ನ ಮುಖ ನೋಡಿದರು, ಏನೂ ಹೇಳದೆ ಇನ್ನೊಂದು ತುತ್ತು ತಿಂದರು. ಮತ್ತೆ ತಟ್ಟೆ ಮುಂದೆ ಚಾಚಿ, ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಂಡರು.